ಮಂಚದಿಂದ ಅಂದುಬಿಟ್ಟಳು

ನರ್ಸಿನ ಕೋಟಿನ ಎರಡನೇ ಗುಂಡಿ ಒಂದೇ ನೂಲಿಗೆ ಜೋತುಬಿದ್ದಿದೆ, ಯಾವ ಮಹಾನುಭಾವ ಹಾಕಿದನೋ — ಇಂಥ ಹೊತ್ತಿನಲ್ಲೂ ಗುಂಡಿ ಕಾಣುತ್ತದಲ್ಲ ಈ ಹಾಳು ಕಣ್ಣಿಗೆ, ಮೂವತ್ತು ವರ್ಷ ಬಟ್ಟೆ ಹೊಲಿದ ಕಣ್ಣು, ತಮ್ಮನ ಎಂಟು ತಿಂಗಳ ಕೂಸು ಮಗುಚಿಕೊಂಡದ್ದು ಮಾತ್ರ ಕಾಣಲಿಲ್ಲ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿ, ಪಕ್ಕಕ್ಕೆ ಬಟ್ಟೆಯ ಥಾನು ಅಡ್ಡ ಇಟ್ಟು, ಜಾಣೆ, ಒಂದೇ ಒಂದು ಹೊಲಿಗೆ ಹಾಕಿಬಿಡೋಣ ಎಂದು ಮೆಷಿನ್ನಿನ ಕಡೆ ತಿರುಗಿದ್ದಳು, ಸೊಂಟದೆತ್ತರದ ಮೇಜು, ಕೆಳಗೆ ಸಿಮೆಂಟು. ತಮ್ಮನ ಹೆಂಡತಿ ಬಚ್ಚಲಿನಿಂದ ಒದ್ದೆ ಕೂದಲಲ್ಲೇ ಓಡಿಬಂದು ಏನಾಯ್ತು ಅತ್ತಿಗೆ ಎಂದಾಗ, ಮಂಚದಿಂದ ಬಿತ್ತು ಅಂದುಬಿಟ್ಟಳು, ಕೆಳಗೆ ಚಾಪೆ ಇತ್ತು ಎಂದೂ ಸೇರಿಸಿದಳು, ಸುಳ್ಳಿಗೆ ಲೈನಿಂಗ್ ಬೇರೆ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಿದ್ದಾನೆ, ಮೀಸೆ ಕೂಡ ನೆಟ್ಟಗೆ ಬಂದಿಲ್ಲ, ವಾಂತಿ ಆಯ್ತಾ, ಒಂದ್ಸಲ ಸಾರ್, ಕೈಕಾಲು ಎಳೀತಾ, ಇಲ್ಲ ಸಾರ್ ಎನ್ನುತ್ತಾಳೆ ತಾಯಿ, ಪಾಪ, ಅವಳೇನು ಕಂಡಳು, ಅವಳು ಬರುವ ಮುಂಚೆಯೇ ಆಗಿಹೋಗಿತ್ತು — ಕೂಸಿನ ಬಲಗೈ, ಮುಷ್ಟಿ ಕಟ್ಟಿಕೊಂಡು, ಟಕ್ ಟಕ್ ಟಕ್, ನೂಲು ಪೋಣಿಸದ ಮೆಷಿನ್ ಸೂಜಿಯ ಹಾಗೆ, ಕಣ್ಣು ಒಂದು ಕಡೆ ನಿಂತು, ಹತ್ತು ಎಣಿಸುವಷ್ಟು ಹೊತ್ತು, ಆಮೇಲೆ ಅತ್ತಿತು. ಹೆದರಿ ನಡುಗಿರಬೇಕು. ಅಷ್ಟೇ ಇರಬೇಕು. ಸರಿಯಾಗಿ ನೆನಪು ಮಾಡ್ಕೊಳ್ಳಿ ಅಮ್ಮ, ಎನ್ನುತ್ತಾನೆ ಡಾಕ್ಟರು, ಇಷ್ಟು ಚಿಕ್ಕ ಮಗು, ಬುರುಡೆ ಬಿರುಕು ಬಿಟ್ಟಿದ್ರೆ, ಒಳಗೆ ರಕ್ತ ಸೋರಿದ್ರೆ ಫಿಟ್ಸ್ ಬರೋ ಭಯ ಜಾಸ್ತಿ, ಆಗ್ಲೇ ಒಂದ್ಸಲ ಬಂದಿದ್ರಂತೂ ಇನ್ನೂ ಜಾಸ್ತಿ, ಏನೂ ಇಲ್ಲ ಅಂದ್ರೆ ಸಂಜೆವರೆಗೆ ನೋಡಿ ಮನೆಗೆ ಕಳಿಸ್ತೀನಿ. ಮನೆಗೆ. ನಿಜ ಹೇಳಿದರೆ ಆ ಮನೆಯಲ್ಲಿ ಯಾರಿದ್ದಾರೆ ಇವಳಿಗೆ, ಗಂಡನಿಲ್ಲ, ಹೆತ್ತದ್ದಿಲ್ಲ, ಇದ್ದದ್ದು ಈ ಕೂಸನ್ನು ಎತ್ತಿಕೊಳ್ಳುವ ಭಾಗ್ಯವೊಂದೇ, ಗಿರಾಕಿಗಳು ಬೆನ್ನ ಹಿಂದೆ ಕತ್ತರಿ ಎನ್ನುತ್ತಾರೆ, ಈಗೆಲ್ಲಿ ಹೋಯಿತೇ ನಾಲಿಗೆ, ಕತ್ತರಿ? ಎಳೀತು ಸಾರ್ — ತನ್ನದೇ ದನಿ — ಮಂಚ ಅಲ್ಲ, ನನ್ನ ಮೇಜಿಂದ ಬಿತ್ತು, ಕೈ ಎಳೀತು, ನಾನೇ ನೋಡ್ದೆ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ತಿರುಗಿ ಬೈಯಬಹುದಿತ್ತು, ತಕ್ಷಣ ಸ್ಕ್ಯಾನ್ ಮಾಡ್ಸಿ ಎಂದು ಎದ್ದ. ತಮ್ಮನ ಹೆಂಡತಿ ಮಗುವನ್ನು ಇವಳ ಕಡೆಯ ಹೆಗಲಿನಿಂದ ಆಚೆ ಹೆಗಲಿಗೆ ಹಾಕಿಕೊಂಡಳು, ಸ್ಕ್ಯಾನ್ ಕೋಣೆಗೆ ನಡೆದಳು, ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಒಬ್ಬಳೇ, ತಮ್ಮನಿಗೆ ಫೋನು ಮಾಡಬೇಕು, ಏನೆಂದು ಶುರುಮಾಡುವುದು, ನಾನೇ ಕಣೋ, ಒಂದು ಹೊಲಿಗೆ, ಒಂದೇ — ಪುಟ್ಟ ಮುಷ್ಟಿ, ಹೆಬ್ಬೆರಳು ಒಳಗೆ, ಟಕ್, ಟಕ್ —