ಪರದೆಗೆ ಮುಖಮಾಡಿ ಕುಳಿತವಳು

“ನಿಮ್ಮ ತಂದೆ ಹೆಸರು ಏನು ಅಂದ್ರಿ?” ಎಂದು ಉಮ್ಸುನ್ ಇನ್ನೊಮ್ಮೆ ಕೇಳಿದಳು.

“ಬೈಸಾಲ್,” ಎಂದ ಕಾಸಿಮಾಲಿ. “ಬೈಸಾಲ್ ಅಂದ್ರೆ ನಾರಿನ್ ಹೊಳೆ ಆ ದಡ ಈ ದಡ ಎಲ್ಲಾರಿಗೂ ಗೊತ್ತಿತ್ತು. ಎಂಥಾ ಪೊಗರಿನ ಕುದುರೆನೂ ಪಳಗಿಸ್ತಿದ್ದ.”

“ನೀವು ಹತ್ತಿದ ಮೊದಲನೇ ಕುದುರೆ?”

ಮುದುಕನಿಗೆ ನಗು ಬಂತು. ರಾಜಧಾನಿ ಬಿಷ್ಕೆಕ್ಕಿನ ಚಿತ್ರಮಂದಿರವೊಂದರ ಅತಿಥಿಗಳ ಕೋಣೆಯಲ್ಲಿ ಮೆತ್ತನೆಯ ಕುರ್ಚಿಯ ಮೇಲೆ ಕೂತು ಬೆಳಿಗ್ಗೆಯಿಂದ ಆ ಹಳೇ ಸಿನಿಮಾ ನಿರ್ದೇಶಕ ಪತ್ರಿಕೆಯವರಿಗೆ ಕ್ಯಾಮೆರಾ, ಬೆಳಕು, ಕಲೆ ಎಂದು ಹೇಳಿ ಹೇಳಿ ದಣಿದಿದ್ದ. ಕುದುರೆಯ ವಿಚಾರ ಯಾರೂ ಕೇಳಿರಲಿಲ್ಲ. “ಕಂದು ಮರಿ. ಹಣೆ ಮೇಲೆ ಬಿಳಿ ಚುಕ್ಕೆ. ಜೀನು ಹಾಕೋ ತಾಳ್ಮೆ ಎಲ್ಲಿತ್ತು, ಬರಿ ಬೆನ್ನ ಮೇಲೇ ಹತ್ತಿಬಿಡ್ತಿದ್ದೆ,” ಎಂದ.

ಉಮ್ಸುನ್ ತಲೆದೂಗಿದಳು. ಶಾಲೆಯ ಮೆಟ್ಟಿಲನ್ನು ನಾಲ್ಕು ವರ್ಷ ಹತ್ತಿಳಿದಿದ್ದಳು ಅಷ್ಟೆ. ಬರೆದಿಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಕಂದು ಮರಿ, ಬಿಳಿ ಚುಕ್ಕೆ, ಬರಿ ಬೆನ್ನು ಎಂದು ಒಂದೊಂದನ್ನೇ ಒಳಗೆ ಇಟ್ಟುಕೊಂಡಳು. ಆಮೇಲೆ ತಾಯಿಯನ್ನು ಕೇಳಿದಳು. ತಾಯಿ ಕಣ್ಣು ಮುಚ್ಚಿದಾಗ ಅವನು ಮಾಸ್ಕೋದಲ್ಲಿ ಬಹುಮಾನ ತೆಗೆದುಕೊಳ್ಳುತ್ತಿದ್ದನಂತೆ, ಮಣ್ಣಿಗೆ ಬರಲಾಗಲಿಲ್ಲವಂತೆ. ಮಕ್ಕಳನ್ನು ಕೇಳಿದಳು. ಹೆಂಡತಿ ತೀರಿಹೋಗಿ ಒಂಬತ್ತು ವರ್ಷ. ಇಬ್ಬರು ಹೆಣ್ಣುಮಕ್ಕಳು ಜರ್ಮನಿಯಲ್ಲಿ.

“ಅವಕ್ಕೆ ನಮ್ಮ ಭಾಷೆನೇ ಸರಿಯಾಗಿ ಬರಲ್ಲ,” ಎಂದ ಕಾಸಿಮಾಲಿ, ಚಹಾದ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುತ್ತ. “ನಾಳೆ ನಾನು ಹೋದೆ ಅಂದ್ಕೋ, ಗೋಡೆ ಕಡೆ ಮುಖ ಮಾಡಿ ಕೂತು ಹಾಡಿ ಅಳೋಕೆ ಒಂದು ಹೆಣ್ಣು ಜೀವ ಇಲ್ಲ ನಂಗೆ. ನಿನ್ನಂಥೋಳನ್ನ ಕರೆಸಬೇಕು.”

“ಬರ್ತೀನಿ ಬಿಡಿ,” ಎಂದಳು ಉಮ್ಸುನ್.

ಪಕ್ಕದಲ್ಲಿ ಕೂತು ಚಹಾಕ್ಕೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ ಅವಳ ನಾದಿನಿ ಸಾಕಿಶ್‌ಳ ಕೈ ಅಲ್ಲೇ ನಿಂತಿತು. ಅವಳು ಎದ್ದು, ಅತ್ತಿಗೆಯ ತೋಳು ಹಿಡಿದು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಹೋದಳು.

“ಇವೆಲ್ಲ ಸತ್ತೋರ ಮನೇಲಿ ಕೇಳೋ ಮಾತು,” ಎಂದು ಪಿಸುಗುಟ್ಟಿದಳು. “ಅಪ್ಪನ ಹೆಸರು, ಕುದುರೆ ಬಣ್ಣ, ಹಿಂದೆ ಬಿಟ್ಟೋದ ಮಕ್ಕಳೆಷ್ಟು. ಹಾಡೋಕ್ ಮುಂಚೆ ನೀನು ಕೇಳೋ ತರಾನೇ ಕೇಳ್ತಾ ಇದೀಯ. ಆ ಮುದುಕ ಇನ್ನೂ ಉಸಿರಾಡ್ತಾ ಅವ್ನೆ, ಅತ್ತಿಗೆ.”

“ನಂಗೂ ಕಣ್ಣು ಕಾಣ್ತದೆ.”

“ಬದುಕಿರೋನ ಮೇಲೆ ಹಾಡ್ತೀಯ?”

“ಒಂದ್ಸಲ ಹಾಡಿದೀನಲ್ಲ,” ಎಂದಳು ಉಮ್ಸುನ್. “ನಲವತ್ತು ವರ್ಷದಿಂದ ನೀನೇ ಹೇಳ್ತಾ ಬಂದಿದೀಯ.”

ಉಮ್ಸುನ್ ಹೇಳಿದ್ದು ಸುಳ್ಳೇನಲ್ಲ. ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಹತ್ತು ಜನರೆದುರು, ಮದುವೆ ಮನೆಯಲ್ಲಿ, ಬಾವಿಯ ಕಟ್ಟೆಯಲ್ಲಿ, ಎಲ್ಲಿ ಸಿಕ್ಕರೂ ಸಾಕಿಶ್ ಹೇಳಿದ್ದಳು: ನಮ್ಮಣ್ಣನನ್ನು ಇವಳು ಬಾಯಿಂದಲೇ ತಿಂದುಬಿಟ್ಟಳು.

ಆಗ ಉಮ್ಸುನ್‌ಗೆ ಇಪ್ಪತ್ತಾರು. ಬೇಸಿಗೆಗೆ ಕುರಿ ಕುದುರೆ ಹೊಡೆದುಕೊಂಡು ಅವರೆಲ್ಲ ಮೇಲೆ ಡೇರೆ ಹಾಕಿದ್ದಾಗ ಕಾಸಿಮಾಲಿ ಎರಡು ಲಾರಿಯಲ್ಲಿ ಜನ, ಕ್ಯಾಮೆರಾ ತುಂಬಿಕೊಂಡು ಬಂದಿದ್ದ. ಸಿನಿಮಾದಲ್ಲಿ ಒಬ್ಬ ಕುರುಬ ಸಾಯುತ್ತಾನೆ, ಅವನ ಹೆಂಡತಿ ಹಾಡಿ ಅಳಬೇಕು. ನಗರದಿಂದ ತಂದ ನಟಿಗೆ ಅದು ಒಗ್ಗಲಿಲ್ಲ. ಊರಿನವರು ಉಮ್ಸುನ್‌ಳನ್ನು ತೋರಿಸಿದರು. ಅವಳ ಅಜ್ಜಿ ಸತ್ತವರ ಮನೆಯಲ್ಲಿ ಹಾಡಿ ಅಳುವುದರಲ್ಲಿ ಏಳು ಕಣಿವೆಗೆ ಹೆಸರಾದ ಹಾಡುಗಾರ್ತಿ. ಉಮ್ಸುನ್‌ಳನ್ನು ಕರೆತಂದು, ಡೇರೆಯ ಕಂಬಳಿ ಗೋಡೆಗೆ ಮುಖ ಮಾಡಿ ಕೂರಿಸಿದರು. ಇಲ್ಲದ ಮನುಷ್ಯನಿಗೆ ಅಳು ಹೇಗೆ ಬಂದೀತು. ಎರಡು ದಿನ ಬರಲಿಲ್ಲ. ಮೂರನೆಯ ದಿನ ಕಾಸಿಮಾಲಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಂಗಿಗೆ ಹೇಳಿದಂತೆ ಹೇಳಿದ: “ನಿನ್ನ ಗಂಡನ್ನೇ ನೆನೆಸ್ಕೋಮ್ಮ. ಅವನ ಹೆಸರು, ಅವನ ಕುದುರೆ ಹೇಳು. ಆಗ ಬರ್ತದೆ. ಮಾತನ್ನ ನಗರದಲ್ಲಿ ಬೇರೆ ಸೇರಿಸ್ತೀವಿ, ಈ ಹೆಸರು ಒಂದು ನರಪಿಳ್ಳೆಗೂ ಕೇಳ್ಸಲ್ಲ.”

ಅವಳು ಹಾಡಿದಳು. ಶಾರ್ಶೆನ್ ಎಂದು ಹೆಸರು ಹಿಡಿದು, ಅವನ ಬೂದು ಗಂಡುಗುದುರೆ, ಅವನ ಎಡಗೆನ್ನೆಯ ಮಚ್ಚೆ, ನಕ್ಕಾಗ ಮುಚ್ಚಿಹೋಗುವ ಕಣ್ಣು, ಎಲ್ಲವನ್ನೂ ಹಾಡಿದಳು. ಡೇರೆಯ ಹೊರಗೆ ಶಾರ್ಶೆನ್ ಲಾರಿಯವರ ಜೊತೆ ನಿಂತು ಸಿಗರೇಟು ಸೇದುತ್ತಿದ್ದ.

ಮುಂದಿನ ವರ್ಷ ಅದೇ ಹುಲ್ಲುಗಾವಲಿಗೆ ಸಿನಿಮಾ ಗಾಡಿ ಬಂತು. ಎರಡು ಕಂಬಕ್ಕೆ ಬಿಳಿ ಬಟ್ಟೆ ಕಟ್ಟಿದರು. ಕಾಸಿಮಾಲಿ ಹಾಡಿನಲ್ಲಿದ್ದ ಹೆಸರನ್ನು ಬದಲಿಸಿರಲಿಲ್ಲ. ಊರಿಗೆ ಊರೇ ಕೂತಿದ್ದಾಗ ಆ ಬಟ್ಟೆಯ ಮೇಲಿಂದ ಶಾರ್ಶೆನ್ ಸತ್ತನೆಂದು ಅವನ ಹೆಂಡತಿ ಅಳುವುದನ್ನು ಶಾರ್ಶೆನ್ ಮುಂದಿನ ಸಾಲಿನಲ್ಲಿ ಕೂತು ಕೇಳಿದ. “ನಾನು ಸತ್ರೆ ಇಷ್ಟು ಚೆನ್ನಾಗಿ ಅಳ್ತೀಯೇನೇ? ಹಂಗಾದ್ರೆ ಸಾಯಬೋದು,” ಎಂದು ನಕ್ಕ. ಬೇರೆ ಯಾರೂ ನಗಲಿಲ್ಲ. ಚಳಿ ಶುರುವಾಗುವ ಹೊತ್ತಿಗೆ ಬೆಟ್ಟದಿಂದ ಕುದುರೆಗಳನ್ನು ಇಳಿಸುವಾಗ ಹೊಳೆ ಅವನನ್ನು ಎಳೆದುಕೊಂಡು ಹೋಯಿತು.

ಅದನ್ನೂ ಅವಳು ಹೊರುತ್ತಿದ್ದಳೇನೋ. ಸಾವು ಬರುವುದು ದೇವರ ಕೈಯಿಂದ, ಹೆಂಗಸಿನ ಬಾಯಿಂದಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಆದರೆ ಶವ ಡೇರೆಯೊಳಗೆ ಬಂದ ಮೇಲೆ ಅವಳು ಗೋಡೆಗೆ ಮುಖಮಾಡಿ ಕೂತಾಗ ಒಂದು ಸಾಲೂ ಬರಲಿಲ್ಲ. ಬಾಯಿ ತೆರೆದರೆ ಬರುವುದೆಲ್ಲ ಸಿನಿಮಾದಲ್ಲಿ ಆಗಲೇ ಹಾಡಿದ್ದೇ. ಬೂದು ಕುದುರೆ ಅಲ್ಲಿ ಹೋಗಿತ್ತು, ಮಚ್ಚೆ ಅಲ್ಲಿ ಹೋಗಿತ್ತು. ಮೂರು ದಿನ ಜನ ಬಂದು ಬಂದು ಹೋದರು; ಅವಳು ಕಲ್ಲಿನಂತೆ ಕೂತಿದ್ದಳು. ಹಾಡುಗಾರ್ತಿಯ ಮೊಮ್ಮಗಳು ಸ್ವಂತ ಗಂಡನನ್ನು ಮೂಗಿಯಾಗಿ ಮಣ್ಣಿಗೆ ಕಳಿಸಿದಳು. ಆಮೇಲೆ ಬೇರೆಯವರ ಮನೆಗಳಲ್ಲಿ ಎಷ್ಟೋ ಹಾಡಿದಳು. ಶಾರ್ಶೆನ್‌ಗೆ ಮಾತ್ರ ಇವತ್ತಿನವರೆಗೂ ಇಲ್ಲ.

“ಅಪಾ, ಎಲ್ಲಾ ಆರಾಮಾ?” ಎನ್ನುತ್ತ ಮೀರಿಮ್ ಒಳಗೆ ಬಂದಳು. ಚಿತ್ರೋತ್ಸವದ ಕೆಲಸದ ಹುಡುಗಿ. ಅಪಾ ಎಂದು ಎಲ್ಲ ಮುದುಕಿಯರನ್ನೂ ತಾಯಿಯಂತೆ ಕರೆಯುತ್ತಿದ್ದಳು. ಊರಿಗೆ ಬಂದು ಉಮ್ಸುನ್‌ಳನ್ನು ಹುಡುಕಿ ಹಿಡಿದವಳು ಅವಳೇ. ಅವಳ ಕೈಯಲ್ಲಿ ವಾರಾಂತ್ಯದ ಕಾರ್ಯಕ್ರಮ ಅಚ್ಚಾದ ಬಣ್ಣದ ಕಾಗದ. “ಇವತ್ತು ಶನಿವಾರ ನಮ್ಮದೇ ದೊಡ್ಡ ಕಾರ್ಯಕ್ರಮ. ಎರಡು ಗಂಟೆಗೆ ಸಿನಿಮಾ. ಹಳೇ ರೀಲನ್ನ ತೊಳೆದು ಹೊಸದು ಮಾಡಿದಾರೆ. ಮುಗಿದ ತಕ್ಷಣ ಇಬ್ಬರು ವಿಶೇಷ ಅತಿಥಿಗಳೂ ವೇದಿಕೆಗೆ ಬರಬೇಕು. ನೀವು ಒಂದೆರಡು ನಿಮಿಷ ಹಾಡಿದ್ರೆ ಸಾಕು. ಏನ್ ಹಾಡ್ತೀರ ಅಪಾ?”

“ಅವತ್ತಿನಂಥದ್ದೇ.”

“ಆಹಾ, ಅದೇ ಬೇಕು,” ಎಂದ ಕಾಸಿಮಾಲಿ ಕುರ್ಚಿಯಿಂದ. ಆಮೇಲೆ ಏನೋ ನೆನಪಾದವನಂತೆ, “ಅಂದಹಾಗೆ ನಿನ್ನ ಗಂಡ, ಉದ್ದಕ್ಕಿದ್ದ, ನಮಗೆ ಕುದುರೆ ಹಿಡ್ಕೊಳ್ತಿದ್ದ. ಹೇಗಿದಾನೆ?”

ಸಾಕಿಶ್ ಕಿಟಕಿಯ ಕಡೆ ತಿರುಗಿಕೊಂಡಳು.

“ಇಲ್ಲ,” ಎಂದಳು ಉಮ್ಸುನ್. “ಸಿನಿಮಾ ಬಂದ ವರ್ಷನೇ ಹೋದ.”

“ಅಯ್ಯೋ ಪಾಪ. ಒಳ್ಳೇ ಮನುಷ್ಯ,” ಎಂದು ಅವನು ತಲೆ ಅಲ್ಲಾಡಿಸಿದ. ನಂತರ ಮೀರಿಮ್ ಕಡೆ ತಿರುಗಿ, “ಆ ದೃಶ್ಯ ಒಂದೇ ಏಟಿಗೆ ತೆಗೆದದ್ದು, ಗೊತ್ತಾ? ಒಂದು ಕಡೆನೂ ಕತ್ತರಿಸಿಲ್ಲ,” ಎಂದ.

ಅಲ್ಲಿಯವರೆಗೆ ಉಮ್ಸುನ್‌ಳ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇತ್ತು. ಮುದುಕ, ಒಂಟಿ, ಅಳುವವರಿಲ್ಲ. ಅದು ಆಗ ಹೋಯಿತು.

ಸಿನಿಮಾ ಮುಗಿಯುವವರೆಗೂ ಅವಳು ಮೊದಲ ಸಾಲಿನಲ್ಲಿ ತಲೆವಸ್ತ್ರದ ಅಂಚು ಹಿಡಿದುಕೊಂಡು ಕೂತಿದ್ದಳು. ಸಭಾಂಗಣ ತುಂಬಿತ್ತು. ಹೊರದೇಶದ ಅತಿಥಿಗಳು ಕಿವಿಗೆ ಯಂತ್ರ ಸಿಕ್ಕಿಸಿಕೊಂಡಿದ್ದರು. ಹಿಂದಿನ ಸಾಲುಗಳಲ್ಲಿ ಹಳಬರು, ಬಿಳಿ ಕಂಬಳಿ ಟೋಪಿಯ ಮುದುಕರು, ಯೌವನದಲ್ಲಿ ಈ ಸಿನಿಮಾ ನೋಡಿದವರು. ಇಪ್ಪತ್ತಾರರ ಉಮ್ಸುನ್ ಪರದೆಯ ಮೇಲೆ ಗೋಡೆಯಷ್ಟು ದೊಡ್ಡವಳಾಗಿ ಶಾರ್ಶೆನ್, ಶಾರ್ಶೆನ್ ಎಂದು ಅತ್ತಳು. ತೊಳೆದ ರೀಲಿನಲ್ಲಿ ಹೆಸರು ಇನ್ನೂ ಸ್ಪಷ್ಟವಾಗಿತ್ತು. ಪಕ್ಕದಲ್ಲಿ ಸಾಕಿಶ್ ಮೂಗು ಒರೆಸಿಕೊಳ್ಳುತ್ತಿದ್ದಳು.

ದೀಪ ಹತ್ತಿದಾಗ ವೇದಿಕೆಯ ಮೇಲೆ ಎರಡು ಕುರ್ಚಿ. ಕಾಸಿಮಾಲಿ ಒಂದರಲ್ಲಿ ಕೂತ. ಉಮ್ಸುನ್ ತನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಜನರಿಗೆ ಬೆನ್ನು ಮಾಡಿ, ಖಾಲಿ ಪರದೆಯ ಕಡೆ ತಿರುಗಿಸಿಕೊಂಡಳು.

“ಅಪಾ, ಈ ಕಡೆ,” ಎಂದಳು ಮೀರಿಮ್ ಮೆಲ್ಲಗೆ.

“ಹಾಡೋದು ಹೀಗೇ,” ಎಂದ ಕಾಸಿಮಾಲಿ ಸಂತೋಷದಿಂದ. “ಬಿಡು, ಅವಳಿಗೆ ಗೊತ್ತು.”

ಉಮ್ಸುನ್ ಸಾವಿನ ಮನೆಯಲ್ಲಿ ಇಡುವಂತೆ ಕೈಗಳನ್ನು ಸೊಂಟಕ್ಕೆ ಇಟ್ಟಳು. ಮೊದಲು ಬರಿಯ ದನಿ ಬಂತು, ದೂರದ ಕಣಿವೆಯಲ್ಲಿ ಮರಿ ಕಳೆದುಕೊಂಡ ಒಂಟೆಯ ಕೂಗಿನಂತೆ. ಆಮೇಲೆ ಮಾತು ಬಂತು.

“ಬೈಸಾಲನ ಮಗನೆ, ಓ ಕಾಸಿಮಾಲಿ,
ಬಿಳಿ ಚುಕ್ಕೆ ಹಣೆಯ ಕಂದು ಮರಿಗುದುರೆ
ಬರಿಬೆನ್ನ ಹೊತ್ತು ಬಾಗಿಲಿಗೆ ಬಂತಲ್ಲ.
ಬಿಳಿಯ ಪರದೆಯಲಿ ಲೋಕ ತೋರಿದವನೆ,
ಬಿಳಿಯ ಬಟ್ಟೆಯನೆ ಹೊದ್ದು ಮಲಗಿದೆಯಲ್ಲ.”

ಕಾಸಿಮಾಲಿಯ ಮುಖದಲ್ಲಿ ನಗು ಇನ್ನೂ ಇತ್ತು. ಅದನ್ನು ತೆಗೆಯುವುದು ಅವನಿಗೆ ಮರೆತುಹೋಗಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ, “ನಿನ್ನ ಬಾಯಿಗೆ ಕಲ್ಲು ಬೀಳ,” ಎಂದಳು, ಪಿಸುಮಾತಾದರೂ ಕೇಳಿಸಿತು. ಹೊರದೇಶದವರ ಕಿವಿಯಲ್ಲಿ ಯಾರೋ ಇದು ನಿರ್ದೇಶಕರ ಗೌರವಾರ್ಥ ಹಾಡು ಎಂದು ಹೇಳಿರಬೇಕು. ಅವರು ಮುಂದಕ್ಕೆ ಬಾಗಿ, ಕಣ್ಣರಳಿಸಿ ಕೇಳುತ್ತಿದ್ದರು.

“ತಾಯ ಮಣ್ಣಿಗೆ ಬರಲು ಹೊತ್ತಿಲ್ಲದವನೆ,
ತಾಯ ಮಗ್ಗುಲಿಗೇ ಹೊತ್ತು ತಂದರಲ್ಲ.
ಏಳು ನಾಡಿನ ಜನರ ಅಳಿಸಿ ನಡೆದವನೆ,
ಎದೆ ಬಡಿದು ಅಳಲೊಂದು ಹೆಣ್ಣು ದನಿಯಿಲ್ಲ,
ಎರವಲಿನ ಕಣ್ಣೀರ ನಾ ತಂದೆನಲ್ಲ.”

ಹಾಡು ಚೆನ್ನಾಗಿತ್ತು, ಅದೇ ಕಷ್ಟ. ಕೆಟ್ಟದಾಗಿ ಹಾಡಿದ್ದರೆ ಶಾಪ ಎಂದು ಎದ್ದು ಬೈಯಬಹುದಿತ್ತು. ಅವಳು ಅವನನ್ನು ಪ್ರೀತಿಯಿಂದ, ಒಂದೊಂದೇ ಗುಣ ಎತ್ತಿ ಹೇಳಿ, ತೊಳೆದು, ಸುತ್ತಿ, ಕುದುರೆ ಮಂದೆಯ ದಾರಿಯಲ್ಲಿ ಕೊನೆಯ ಸಲ ಒಯ್ದು, ಮಣ್ಣಿಗೆ ಇಳಿಸಿದಳು. ಕೊನೆಯ ಸಾಲಿನ ದನಿ ಎಳೆದು ಎಳೆದು ನಿಂತಿತು.

ಮೂರನೆಯ ಸಾಲಿನಲ್ಲಿ ಟೋಪಿಯ ಮುದುಕನೊಬ್ಬ ಕೂತಿದ್ದ. ಹುಟ್ಟಿದಾಗಿನಿಂದ ಎಷ್ಟೋ ಡೇರೆಗಳ ಹೊರಗೆ ಈ ಹಾಡು ಕೇಳಿದವನು. ಹಾಡು ನಿಂತಾಗ ಏನು ಮಾಡಬೇಕೆಂದು ಅವನ ತಲೆಗಿಂತ ಕೈಗೆ ಚೆನ್ನಾಗಿ ಗೊತ್ತಿತ್ತು. ಅವನು ಎರಡೂ ಅಂಗೈ ಮೇಲೆ ಮಾಡಿ ಹಿಡಿದು, ಸತ್ತವರ ಪ್ರಾರ್ಥನೆ ಗೊಣಗಿದ. ಅವನನ್ನು ನೋಡಿ ಅವನ ಸಾಲಿನವರ ಅಂಗೈಗಳು ಎದ್ದವು, ಆಮೇಲೆ ಹಿಂದಿನವರದು. ಬೈದ ಮುದುಕಿಯ ಕೈಗಳೂ ಎದ್ದಿದ್ದವು. “ಓಮಿನ್,” ಎಂದು ಪ್ರಾರ್ಥನೆ ಮುಗಿಸಿ ಅರ್ಧ ಸಭಾಂಗಣ ಮುಖ ಸವರಿಕೊಂಡಿತು.

ಉಮ್ಸುನ್ ಆಗ ತಿರುಗಿ ನೋಡಿದಳು. ಕಾಸಿಮಾಲಿಯೂ ಎರಡು ಕೈ ಎತ್ತಿದ್ದ. ಎಲ್ಲರ ಜೊತೆ ಸೇರಿ ಹಣೆಯಿಂದ ಕೆನ್ನೆಯವರೆಗೆ ಸವರಿಕೊಂಡಿದ್ದ. ಕೆನ್ನೆಯ ಹತ್ತಿರ, ಈ ಪ್ರಾರ್ಥನೆ ಯಾರಿಗೆ ಎಂಬುದು ಹೊಳೆದು, ಬೆರಳುಗಳು ಅಲ್ಲೇ ನಿಂತಿದ್ದವು.

ಹೊರದೇಶದ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಇದನ್ನ ಹಿಂದಕ್ಕೆ ತಗೋ,” ಎಂದ ಕಾಸಿಮಾಲಿ. “ನಿನಗೆ ನಾನೇನು ಮಾಡಿದೆ, ತಾಯಿ?”

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದು ಅವಳಿಗೆ ಈಗ ಕಂಡಿತು. ಹೇಳಿ ತಿಳಿಸುವ ಮನಸ್ಸಾಗಲಿಲ್ಲ. “ಚೆನ್ನಾಗಿ ಬಂತಾ?” ಎಂದು ಮಾತ್ರ ಕೇಳಿ, ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ನಡೆದಳು. ಹಳಬರು ಕಾಲು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟರು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲಿತ್ತು. ಸಾಕಿಶ್ ಹಿಂದೆಯೇ ಬಂದು, ಉಸಿರು ಬಿಡುತ್ತ ಕೂತಳು.

“ನಮ್ಮಣ್ಣಂಗೆ ಒಂದು ಸಾಲು ಬರ್ಲಿಲ್ಲ ನಿಂಗೆ,” ಎಂದಳು. “ಈ ನಾಯಿಗೆ ಇಷ್ಟು ಚೆಂದಾಗಿ ಹಾಡ್ಬಿಟ್ಟೆ.”

ಉಮ್ಸುನ್ ಹಿಂದಕ್ಕೆ, ಬಾಗಿಲ ಕಡೆ ತಿರುಗಿದಳು.

ಗಾಜಿನ ಬಾಗಿಲ ಆಚೆ, ಮೊಗಸಾಲೆಯಲ್ಲಿ, ಕಾಸಿಮಾಲಿಯನ್ನು ತಂದು ಉದ್ದನೆಯ ಬೆಂಚಿನ ಮೇಲೆ ಕೂರಿಸಿದ್ದರು. ಅವನ ಮುಖದ್ದೇ ದೊಡ್ಡ ಚಿತ್ರ ಹಿಂದಿನ ಗೋಡೆಯ ಮೇಲಿತ್ತು. ಸಿನಿಮಾ ಬಿಟ್ಟು ಬರುವ ಜನ ಅವನ ಹತ್ತಿರ ಬಂದಾಗ ದನಿ ತಗ್ಗಿಸುತ್ತಿದ್ದರು, ಒಂದು ಹೆಜ್ಜೆ ಸುತ್ತುಹಾಕಿ ಹೋಗುತ್ತಿದ್ದರು. ಕೈ ಕುಲುಕಲು ಬಂದವನೊಬ್ಬ ಕೈಯನ್ನು ಜೇಬಿಗೆ ಹಾಕಿಕೊಂಡ. ಅಡುಗೆಮನೆಯ ಹೆಂಗಸು ಒಂದು ಬಟ್ಟಲು ಚಹಾ ತಂದು, ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಸತ್ತವರ ಮುಂದೆ ಇಡುವಂತೆ ಇಟ್ಟು, ಬೆನ್ನು ತೋರಿಸದೆ ಹಿಂದೆ ಸರಿದಳು.

“ನಡಿ, ಬಸ್ಸು ಹೊರಡ್ತದೆ,” ಎಂದಳು ಸಾಕಿಶ್.

“ಇರು,” ಎಂದಳು ಉಮ್ಸುನ್.

ಬಟ್ಟಲಿನಿಂದ ಆವಿ ಏಳುತ್ತಿತ್ತು. ಅವನು ಅದನ್ನು ಮುಟ್ಟಿರಲಿಲ್ಲ. ಅವಳು ಗಾಜಿನ ಈಚೆ ನಿಂತು, ಆವಿ ತೆಳುವಾಗಿ, ಎಳೆಯಾಗಿ, ಪೂರ್ತಿ ನಿಲ್ಲುವವರೆಗೂ ನೋಡುತ್ತಿದ್ದಳು.