ಹಾಲವ್ವನ ಕಾರ್ಡು

ಸಾಲಿನಲ್ಲಿ ರಾಚವ್ವನ ಮುಂದೆ ಇನ್ನು ಒಂಬತ್ತು ಜನರಿದ್ದರು. ಅವಳು ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ತುಟಿ ಅಲುಗಿಸದೆ ಒಂದೇ ಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದಳು. ಹೆಸರು ಹಾಲವ್ವ, ಗಂಡ ಸೋಮನಾಥ, ಹುಟ್ಟಿದ್ದು ಜೂನ್ ಒಂದು, ಅರವತ್ತಾರನೇ ಇಸವಿ. ಮೂರು ದಿನದಿಂದ ಅನ್ನ ಬೇಯಿಸುವಾಗಲೂ ಇದೇ ಜಪ. ಮಗಳು ಶ್ರೇಯಾ ಪಕ್ಕದಲ್ಲಿ ಕೂತು ಹತ್ತಾರು ಸಲ ಪರೀಕ್ಷೆ ಮಾಡಿದ್ದಳು. ಆದರೂ ಈಗ ಗಂಡನ ಹೆಸರಿನ ಜಾಗದಲ್ಲಿ ತನ್ನ ಸತ್ತ ಗಂಡನ ಹೆಸರೇ ನಾಲಿಗೆಗೆ ಬರುತ್ತಿತ್ತು.

ದೀಪಾವಳಿ ಮುಗಿದು ನಾಲ್ಕು ದಿನ. ಮುಂಬೈಯ ಘಾಟ್ಕೋಪರದ ಓಣಿಗಳಲ್ಲಿ ಪಟಾಕಿಯ ಕೆಂಪು ಕಾಗದ ಇನ್ನೂ ಬಿದ್ದಿತ್ತು. ಆದರೆ ರಸ್ತೆ ಗುಡಿಸುವವರ ಈ ಹಾಜರಿ ಚೌಕಿಯಲ್ಲಿ ಹಬ್ಬ ಈಗ ಶುರುವಾದಂತಿತ್ತು. ಬೆಲೆ ಏರಿದ ಹಾಗೆ ಆರು ತಿಂಗಳಿಗೊಮ್ಮೆ ಗುಡಿಸುವವರ ಪಗಾರಕ್ಕೆ ತುಟ್ಟಿಭತ್ಯೆ ಸೇರಬೇಕೆಂದು ಕಂತ್ರಾಟಿನ ಕಾಗದದಲ್ಲೇ ಬರೆದಿತ್ತಂತೆ. ಕಂತ್ರಾಟುದಾರ ಮೂರು ವರ್ಷ ಅದನ್ನು ನುಂಗಿ ಕೂತಿದ್ದ. ಯೂನಿಯನ್ನಿನವರು ಬೆನ್ನು ಹತ್ತಿದ ಮೇಲೆ ಈಗ ಬಾಕಿಯೆಲ್ಲ ಬರುವುದಿತ್ತು. ಷರತ್ತು ಒಂದೇ. ಕಾರ್ಡಿನಲ್ಲಿ ಹೆಸರಿರುವವರೇ ಗುಡಿಸುತ್ತಿದ್ದಾರೆಂದು ಮೇಲಿನ ಆಫೀಸಿನ ಸಾಹೇಬರು ಬಂದು, ಯಂತ್ರದಲ್ಲಿ ಹೆಬ್ಬೆರಳು ಒತ್ತಿಸಿ ಖಾತ್ರಿ ಮಾಡಿಕೊಳ್ಳಬೇಕು. ಸುಳ್ಳು ಹೆಸರು ಸಿಕ್ಕರೆ ಕೆಲಸ ಹೋಯಿತು, ಮೇಲೆ ಪೊಲೀಸ್ ಕೇಸು. ಚೌಕಿಯ ಮಂದಿಯೆಲ್ಲ ಭತ್ಯೆ ಬರಲಿ ಎಂದು ಬೇಡಿಕೊಂಡಿದ್ದರೆ, ಈ ಹಾಳು ಭತ್ಯೆ ಬಾರದೇ ಇರಲಿ ಎಂದು ಮನೆದೇವರಿಗೆ ಹರಕೆ ಹೊತ್ತವಳು ರಾಚವ್ವ ಒಬ್ಬಳೇ.

ಹಾಲವ್ವ ಅವಳ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಆರು ವರ್ಷದ ಹಿಂದೆ ಕಾಮಾಲೆಯಾಗಿ ಇಂಡಿ ಕಡೆಯ ಊರಿಗೆ ಹೋಗುವಾಗ, "ಹದಿನೈದು ದಿನ ನನ್ನ ಬದಲಿ ಹೋಗಬೇ, ಹಾಜರಿ ತಪ್ಪಿದ್ರ ಹೆಸರು ಹೊಡೀತಾರ" ಎಂದು ಕಾರ್ಡನ್ನು ಇವಳ ಕೈಗಿಟ್ಟಿದ್ದಳು. ಅಂಥ ಬದಲಿ ಚೌಕಿಯಲ್ಲಿ ಹೊಸದೇನಲ್ಲ. ಹಾಲವ್ವ ತಿರುಗಿ ಬರಲಿಲ್ಲ. ಹದಿಮೂರನೇ ದಿನಕ್ಕೇ ತೀರಿಕೊಂಡಳು. ಗಂಡ ಮೊದಲೇ ತೀರಿಹೋಗಿದ್ದ ರಾಚವ್ವನಿಗೆ ಬೇರೆ ದಾರಿ ಇರಲಿಲ್ಲ. ಹಾಜರಿ ಬರೆದುಕೊಳ್ಳುವ ಮುಕಾದಮ ಸಂಗಪ್ಪನೂ ಅವರ ಕಡೆಯವನೇ. "ಕಸ ಹೊಡದ್ರಾತು, ಕಾರ್ಡ ಯಾರದಿದ್ರೇನು" ಎಂದು ಸುಮ್ಮನಾಗಿದ್ದ. ಅವತ್ತಿನಿಂದ ಸತ್ತ ಹಾಲವ್ವ ದಿನಾ ಬೆಳಿಗ್ಗೆ ಆರೂವರೆಗೆ ಹಾಜರಿ ಹಾಕುತ್ತಿದ್ದಳು, ರಾಚವ್ವ ಉದ್ದ ಖರಾಟಾ ಹಿಡಿದು ಓಣಿ ಗುಡಿಸುತ್ತಿದ್ದಳು. ಅದರಲ್ಲೇ ಚಾಳಿನ ಬಾಡಿಗೆ, ಅದರಲ್ಲೇ ಪರೇಲಿನಲ್ಲಿ ಶ್ರೇಯಾಳ ನರ್ಸಿಂಗ್ ಓದು. ಅದು ಮುಗಿಯಲು ಇನ್ನೂ ಎರಡೂವರೆ ವರ್ಷ ಬೇಕಿತ್ತು.

ಸಾಲು ಸರಿಯಿತು. ಸಂಗಪ್ಪ ಪಟ್ಟಿ ಹಿಡಿದು ಹತ್ತಿರ ಬಂದ. ಅವನ ಹಣೆಯಲ್ಲೂ ಬೆವರು.

"ತಂಗಿ, ಎಲ್ಲಾ ನೆನಪೈತಿಲ್ಲ?" ಎಂದು ಪಿಸುಗುಟ್ಟಿದ. "ನೀ ಸಿಕ್ಕಿ ಅಂದ್ರ ನಾನೂ ಹ್ವಾದೆ."

"ಬೆರಳಿಂದ ಹೆಂಗಣ್ಣಾ? ಬೆರಳು ಸುಳ್ಳ ಹೇಳತೈತೇನು?"

ಅವನು ಪಟ್ಟಿಯ ಮೇಲೆ ಕಣ್ಣಿಟ್ಟು ಮುಂದೆ ಹೋದ. ಓಡಿಹೋಗೋಣವೆಂದರೆ ರಾಚವ್ವನ ಹಿಂದೆಯೂ ಸಾಲೇ ಇತ್ತು.

ಅಷ್ಟರಲ್ಲಿ ಹಿಂದಿನಿಂದ, ಜೊತೆಗೆ ಗುಡಿಸುವ ಶುಭಾಂಗಿಯ ದನಿ ಬಂತು. ತುಟ್ಟಿಭತ್ಯೆಗೂ ಮರಾಠಿ ಹೆಸರೇ ಹೇಳುವ, ಬೆಳಗಾವಿ ಕಡೆಯ ಈ ಹುಡುಗಿಯ ಬಾಯಿಗೆ ಬೀಗವೆಂಬುದೇ ಇರಲಿಲ್ಲ. "ರಾಚಕ್ಕಾ! ಮಹಾಗಾಯಿ ಭತ್ತಾ ಬಂದಮ್ಯಾಲ ಪಹಿಲಾ ಏನ್ ತಗೋತಿ?"

ಸಾಲಿನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಮೇಜಿನ ಹಿಂದೆ ಕೂತಿದ್ದ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ರಾಚಕ್ಕಾ ಯಾರು?" ಎಂದು ಮರಾಠಿಯಲ್ಲಿ ಕೇಳಿ, ಪಟ್ಟಿಯ ಮೇಲೆ ಬೆರಳಾಡಿಸಿದರು. ಮಗಳ ಬಿಳಿ ಸಮವಸ್ತ್ರ ರಾಚವ್ವನ ಕಣ್ಣ ಮುಂದೆ ಬಂದು ಹೋಯಿತು. ಶುಭಾಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಕಿ ನಮ್ಮ ಚೌಕಿಯಾಕಿ ಅಲ್ರಿ, ಅಲ್ಲಿ ಹೊರಗ ಕಾಯಿಪಲ್ಲೆ ಮಾರಾಕಿ," ಎಂದು ಸಂಗಪ್ಪ ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟು, ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿದ. ಸಾಹೇಬರು ಬಾಗಿಲ ಕಡೆ ನೋಡಿದರು. ದೇವರು ದೊಡ್ಡವನು, ಅಲ್ಲಿ ನಿಜಕ್ಕೂ ಒಬ್ಬಳು ಮೆಂತ್ಯದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಹಾಲವ್ವ ಸೋಮನಾಥ," ಎಂದು ಸಾಹೇಬರು ಕರೆದರು.

ಅವಳು ಮುಂದೆ ಹೋದಳು. ಕಾರ್ಡಿನ ಫೋಟೊ ಎಷ್ಟೋ ಮಳೆಗಾಲದ ನೀರು ಕುಡಿದಿತ್ತು, ಅದರಲ್ಲಿ ಉಳಿದದ್ದು ಮೂಗುಬೊಟ್ಟು, ತಲೆ ಮೇಲಿನ ಸೆರಗು, ಅಷ್ಟೇ. ಸಾಹೇಬರು ಯಂತ್ರ ಮುಂದೆ ತಳ್ಳಿದರು. ಹೆಬ್ಬೆರಳು ಒತ್ತಿದಳು. ಕೆಂಪು ದೀಪ. ಇನ್ನೊಮ್ಮೆ ಒತ್ತಿದಳು. ಮತ್ತೆ ಕೆಂಪು. ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದಳು.

"ಇವಳದೂ ಹೋಗಿದೆ," ಎಂದು ಸಾಹೇಬರು ಬೇಸರದಿಂದ ಹಿಂದಿಯಲ್ಲಿ ಹೇಳಿದರು. ಬೆಳಗಿನಿಂದ ಸಾಲಿನ ಅರ್ಧ ಜನರದು ಇದೇ ಗತಿಯಾಗಿತ್ತು. ಖರಾಟಾದ ಬಿದಿರು ಹಿಡಿದು ಹಿಡಿದು ಬೆರಳಿನ ಗೆರೆಗಳೆಲ್ಲ ಸವೆದಿದ್ದವು. "ಮುಕಾದಮ, ಇವಳೇ ತಾನೇ?" ಸಂಗಪ್ಪ ತಲೆಯಾಡಿಸಿದ. "ಜನ್ಮತಾರೀಖು ಹೇಳಮ್ಮ."

"ಜೂನ್ ಒಂದು. ಅರವತ್ತಾರು," ಎಂದಳು.

"ನಿಮ್ಮ ಊರಿನವರೆಲ್ಲ ಜೂನ್ ಒಂದಕ್ಕೇ ಹುಟ್ಟುತ್ತೀರಾ?" ಎಂದು ಸಾಹೇಬರು ನಕ್ಕರು. ಸಂಗಪ್ಪ ಅವರಿಗಿಂತ ಜೋರಾಗಿ ನಕ್ಕ. ಪಾಸಾಗಿತ್ತು. ಇನ್ನು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರೆ ಆಯಿತು. ರಾಚವ್ವನಿಗೆ ಸಹಿ ಹಾಕಲು ಬರುತ್ತಿತ್ತು, ಮಗಳೇ ಕಲಿಸಿದ್ದಳು. ಆದರೆ ಹಾಲವ್ವ ಹೆಬ್ಬೆಟ್ಟಿನವಳು. ನೀಲಿ ಮಸಿಯಲ್ಲಿ ಬೆರಳು ಅದ್ದಿ ಒತ್ತಿದಳು. ಉಸಿರು ಈಗ ಎದೆಯ ತಳಕ್ಕೆ ಇಳಿಯಿತು.

ಸಾಹೇಬರು ಇನ್ನೊಂದು ಕಾಗದ ತೆಗೆದರು. "ಇಲ್ಲೂ ಒಂದು. ಬರುವ ಜೂನ್‌ಗೆ ನಿಮಗೆ ಅರವತ್ತು ತುಂಬುತ್ತದೆ. ಕಂತ್ರಾಟಿನಲ್ಲಿ ಅರವತ್ತರ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಏಳು ತಿಂಗಳು ಭತ್ಯೆ ಸೇರಿಸಿ ಪೂರ್ತಿ ಪಗಾರ ತಗೊಳ್ಳಿ, ಆಮೇಲೆ ಆರಾಮ್!"

ರಾಚವ್ವನಿಗೆ ನಲವತ್ಮೂರು. ಹಾಲವ್ವನ ವಯಸ್ಸೂ ಅಷ್ಟಿರಲಿಲ್ಲ. ಕಾರ್ಡು ಮಾಡುವಾಗ ಗುಮಾಸ್ತ ಅವಳ ನರೆಗೂದಲು ನೋಡಿ ಅಂದಾಜಿಗೆ ಬರೆದಿದ್ದ. ಮೂರು ದಿನ ಆ ತಾರೀಖನ್ನು ಜಪಿಸಿದರೂ ಅದನ್ನು ಲೆಕ್ಕ ಹಾಕಿ ನೋಡುವುದು ತಾಯಿಗೂ ಹೊಳೆದಿರಲಿಲ್ಲ, ಮಗಳಿಗೂ ಹೊಳೆದಿರಲಿಲ್ಲ. ಅವಳು ಸಂಗಪ್ಪನ ಕಡೆ ನೋಡಿದಳು. ಅವನು ಪಟ್ಟಿಯೊಳಗೆ ಮುಖ ಹುದುಗಿಸಿದ್ದ. ಅಲ್ಲ, ನಾನು ಅವಳಲ್ಲ ಎಂದರೆ ಕೆಲಸ ಇವತ್ತೇ ಹೋಯಿತು, ಮೇಲೆ ಕೇಸು. ಹೆಬ್ಬೆಟ್ಟು ಒತ್ತಿದಳು.

ಹೊರಗೆ ಶುಭಾಂಗಿ ಓಡಿಬಂದು ಕೈ ಹಿಡಿದಳು. "ತಪ್ಪಾತಕ್ಕಾ, ಜೀವಾನ ಹೋಗಿತ್ತು ನಂದು. ಪಾಸಾದಿಲ್ಲ? ಹೇಳಕ್ಕಾ, ಏನ್ ತಗೋತಿ?"

ರಾಚವ್ವನ ಹೆಬ್ಬೆರಳು ಕಿರುಬೆರಳಿನ ಬುಡದ ಗೆಣ್ಣನ್ನು ಮುಟ್ಟಿತು. ನವೆಂಬರ್. ಡಿಸೆಂಬರ್. ಜನವರಿ. ಬೆರಳು ಸರಿದ ಕಡೆಯೆಲ್ಲ ಒಂದೊಂದು ನೀಲಿ ಚುಕ್ಕೆ ಮೂಡಿತು. ನಡುಬೆರಳಿನ ಮೊದಲ ಗೆಣ್ಣಿಗೆ, ಮೇ ತಿಂಗಳಿಗೆ ಬಂದು ಹೆಬ್ಬೆರಳು ನಿಂತಿತು. ಅದರಾಚೆಯ ಗೆಣ್ಣುಗಳು ಖಾಲಿ ಇದ್ದವು.