ಪ್ರಲ್ಹಾದನ ಸತ್ಕಾರ

ಕರ್ನಾಟಕ ಒಂದಾಗುವ ದಿನಕ್ಕೆ ಇನ್ನೂ ಎರಡು ವಾರವಿರುವಾಗ ವಾಸುದೇವ ಮಾಸ್ತರರು ಬೆಟಗೇರಿಯ ಪ್ರಲ್ಹಾದನ ಮನೆಗೆ ಬಂದರು. ಪ್ರಲ್ಹಾದ ಕುಣಿಮಗ್ಗದಲ್ಲಿ ಕೂತಿದ್ದ. ಆರಡಿ ಮೂರಂಗುಲದ ಆಳಿಗೆ ಆ ಕುಣಿ ಸಾಲುತ್ತಿರಲಿಲ್ಲ. ಮಡಚಲು ಬಾರದ ಬಲಗಾಲನ್ನು ಪಕ್ಕಕ್ಕೆ ಚಾಚಿ, ಎಡಗಾಲೊಂದರಿಂದಲೇ ತುಳಿಯುತ್ತಿದ್ದ. ಮುಂಬಯಿಯಲ್ಲಿ ಎಂಟು ವರ್ಷ ಬಾಸ್ಕೆಟ್‌ಬಾಲ್ ಆಡಿ ಹೆಸರು ಮಾಡಿದ ಊರ ಮಗನಿಗೆ ನವೆಂಬರ್ ಒಂದರಂದು ಗದಗಿನ ಸಭೆಯಲ್ಲಿ ಸತ್ಕಾರ ಮಾಡಲು ಉತ್ಸವ ಸಮಿತಿ ಗೊತ್ತುಮಾಡಿದೆ ಎಂದು ಮಾಸ್ತರರು ಹೇಳಿದರು. ಏರ್ಪಾಡೆಲ್ಲ ಬಟ್ಟೆ ಅಂಗಡಿಯ ಹುಚ್ಚೀರಪ್ಪನವರದು. ಪ್ರಲ್ಹಾದ ಯಾವ ಗಿರಣಿಗಾಗಿ ಆಡಿದ್ದನೋ ಅದೇ ಗಿರಣಿಯ ಬಟ್ಟೆಯನ್ನು ಅವರು ಮಾರುತ್ತಿದ್ದರು.

"ನನಗ ಅದೆಲ್ಲ ಬ್ಯಾಡ್ರಿ" ಎಂದ ಪ್ರಲ್ಹಾದ.

ಮಾಸ್ತರರು ಅದನ್ನು ವಿನಯವೆಂದು ತಿಳಿದು ನಗುತ್ತ ಎದ್ದು ಹೋದರು. ಯಾರಾದರೂ ತನ್ನ ಆಟವನ್ನು ಹೊಗಳಿದರೆ ಪ್ರಲ್ಹಾದನ ಬಾಯಲ್ಲಿ ಹುಳಿನೀರು ಬರುತ್ತಿತ್ತು.

ಅವನು ಆಟ ಕಲಿತದ್ದು ಬೆಟಗೇರಿಯ ಪಾದ್ರಿಗಳ ಶಾಲೆಯ ಅಂಗಳದಲ್ಲಿ, ಕಂಬಕ್ಕೆ ಹೊಡೆದ ಒಂದು ಕಬ್ಬಿಣದ ಬಳೆಯ ಕೆಳಗೆ. ೧೯೪೪ರಲ್ಲಿ ಧಾರವಾಡದ ಪಂದ್ಯದಲ್ಲಿ ಅವನನ್ನು ಕಂಡ ಗಿರಣಿಯ ಅಧಿಕಾರಿಯೊಬ್ಬ ಮುಂಬಯಿಗೆ ಕರೆದೊಯ್ದ. ಹಾಜರಿ ಪುಸ್ತಕದಲ್ಲಿ ಅವನು ನೇಯ್ಗೆ ಖಾತೆಯ ಕೆಲಸಗಾರ. ಮಗ್ಗವನ್ನು ಮಾತ್ರ ಒಂದು ದಿನವೂ ಮುಟ್ಟಲಿಲ್ಲ. ಬೆಳಿಗ್ಗೆ ಹಾಲು, ಮೊಟ್ಟೆ, ಓಟ, ಸಂಜೆ ಆಟ. ಸ್ವಾತಂತ್ರ್ಯ ಬಂದ ವಾರ ಅವನ ತಂಡ ಗೆದ್ದಾಗ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ಹೊತ್ತವರಲ್ಲಿ ಬೆಟಗೇರಿಯ ಅವನದೇ ಓಣಿಯ ಗೋಪಣ್ಣನೂ ಇದ್ದ. ಗೋಪಣ್ಣ ಆ ಗಿರಣಿಯಲ್ಲಿ ನಿಜವಾಗಿಯೂ ಮಗ್ಗ ನಡೆಸುತ್ತಿದ್ದವನು. ಪಂದ್ಯವಿದ್ದ ದಿನ ಪಾಳಿ ಮುಗಿಸಿ ಓಡಿ ಬರುತ್ತಿದ್ದ.

೧೯೫೦ರಲ್ಲಿ ಕೆಲಸಗಾರರು ಮುಷ್ಕರ ಹೂಡಿ ಗಿರಣಿಯ ಗೇಟಿಗೆ ಅಡ್ಡ ನಿಂತರು. ಹನ್ನೆರಡನೆಯ ದಿನ ಅದೇ ಅಧಿಕಾರಿ ಆಟಗಾರರನ್ನು ಕರೆದು ಕೈಗೊಂದು ಹಾಕಿ ಆಟದ ಕೋಲು ಕೊಟ್ಟ. ಇಷ್ಟು ವರ್ಷ ಕುಳಿತು ತಿಂದಿದ್ದೀರಿ, ಇಂದು ಗೇಟು ತೆರೆಸಿ ಎಂದ. ಒಬ್ಬಿಬ್ಬರು ಕೋಲು ಕೆಳಗಿಟ್ಟು ಹೊರಟುಹೋದರು. ಪ್ರಲ್ಹಾದ ಹೋಗಲಿಲ್ಲ. ಗೇಟಿನ ಸರಳು ಹಿಡಿದವರ ಬೆರಳುಗಳ ಮೇಲೆ ಬಾರಿಸುತ್ತ ಹೋದ. ಒಂದು ಕೈ ಮಾತ್ರ ಸರಳು ಬಿಡಲಿಲ್ಲ. ಅದರ ಮೇಲೆ ಮೂರು ಸಲ ಹೊಡೆದ. ಅದು ಜಾರಿ ಬಿದ್ದಾಗ ಆಚೆ ಗೋಪಣ್ಣನ ಮುಖ ಕಂಡಿತು.

ಸಂಜೆ ತಂಡಕ್ಕೆ ಜಿಲೇಬಿ ಹಂಚಿದರು. ಪ್ರಲ್ಹಾದ ತಿಂದ, ಮತ್ತೆ ಕೇಳಿ ಹಾಕಿಸಿಕೊಂಡು ತಿಂದ. ಹೊಡೆದದ್ದಕ್ಕಿಂತಲೂ ಹಾಗೆ ಕೇಳಿ ತಿಂದದ್ದು ನೆನಪಾದಾಗ ಅವನಿಗೆ ತನ್ನ ಮೈಯೇ ನಾರಿದಂತಾಗುತ್ತಿತ್ತು. ಎರಡು ವರ್ಷದ ಮೇಲೆ ಮೊಣಕಾಲು ಮುರಿಯಿತು. ತಿಂಗಳೊಳಗೆ ಗಿರಣಿ ಅವನ ಹೆಸರು ಹೊಡೆದುಹಾಕಿತು. ಅವನು ಬೆಟಗೇರಿಗೆ ಮರಳಿ ಮನೆಯ ಮಗ್ಗಕ್ಕೆ ಕೂತ.

ಗೋಪಣ್ಣ ಅವನಿಗಿಂತ ಮೊದಲೇ ಊರು ಸೇರಿದ್ದ. ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲವಾದ್ದರಿಂದ ಮಗ್ಗಕ್ಕೆ ಕೂಡಲಾರದಾಗಿದ್ದ. ಹೆಂಡತಿ ಯಮನವ್ವನ ಜೊತೆ ಮಂದಿಯ ನೂಲನ್ನು ಲಾಳಿಯ ಕಂಡಿಕೆಗೆ ಸುತ್ತಿಕೊಟ್ಟು ಬದುಕುತ್ತಿದ್ದ. ನಾಲ್ಕು ವರ್ಷದಿಂದ ಪ್ರಲ್ಹಾದ ಆ ಮನೆಯ ಮುಂದೆ ಹಾಯದೆ ಓಣಿ ಸುತ್ತಿಕೊಂಡು ಹೋಗುತ್ತಿದ್ದ. ಸತ್ಕಾರದ ಹಿಂದಿನ ದಿನ ನೆಟ್ಟಗೆ ಅಲ್ಲಿಗೇ ಹೋದ.

ಗೋಪಣ್ಣ ಕೂಡು ಎನ್ನಲಿಲ್ಲ. "ನಾ ಯಾರಿಗೂ ಹೇಳಿಲ್ಲ" ಎಂದ. "ಕನಿಕರದಿಂದ ಅಲ್ಲಲೇ. ನಿನ್ನ ಹೆಸರು ಬಾಯಾಗ ತರಾಕ ಹೇಸಿಕಿ ಬರತೈತಿ."

ನಾಳೆ ಸಭೆಯಲ್ಲಿ ಎಲ್ಲ ಹೇಳಿಬಿಡಲೇ ಎಂದು ಪ್ರಲ್ಹಾದ ಕೇಳಿದ.

"ಹೇಳಿದ್ರ ನನ್ನ ಬಟ್ಟು ಮಡಚತಾವೇನು? ಹೇಳೂದಾದ್ರ ಹೇಳು. ನನ್ನ ಹೆಸರು ತಗೀಬ್ಯಾಡ."

ಮರುದಿನ ವೇದಿಕೆಯ ಮೇಲೆ ಹುಚ್ಚೀರಪ್ಪನವರು ಹಾರ ಹಿಡಿದು ಬಂದಾಗ ಪ್ರಲ್ಹಾದ ಕೈ ಅಡ್ಡ ಮಾಡಿದ. "ಆಟಕ್ಕ ಪಗಾರ ಕೊಡತಾರಂತ ತಿಳದಿದ್ದೆ" ಎಂದ. "ಗಿರಣಿ ಗೇಟಿನ್ಯಾಗ ನಿಂತ ನೇಕಾರರ ಕೈ ಮುರಿಯಾಕೂ ಅದೇ ಪಗಾರ ಇತ್ತು. ನಾ ಮುರದೇನಿ. ಅವತ್ತು ಸಂಜೀಕ ಜಿಲೇಬಿ ತಿಂದೇನಿ."

ಹಿಂದಿನ ಸಾಲುಗಳವರಿಗೆ ಮಾತು ಕೇಳಿಸಿರಲಿಲ್ಲ. ಅವರು ಜೋರಾಗಿ ಚಪ್ಪಾಳೆ ಹೊಡೆದರು. ಹುಚ್ಚೀರಪ್ಪನವರು ಸನ್ನೆ ಮಾಡಿದೊಡನೆ ಬ್ಯಾಂಡಿನವರು ಬಾರಿಸತೊಡಗಿದರು. ಶುಭದಿನ ಇಂಥ ಮಾತೇಕೆ ಎಂದು ಯಾರೋ ಗೊಣಗಿದರು. ವಾಸುದೇವ ಮಾಸ್ತರರು ಅವನಿಗೆ ಹೊದಿಸಬೇಕಿದ್ದ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಎತ್ತದೆ ಕೂತಿದ್ದರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಪ್ರಲ್ಹಾದ ವೇದಿಕೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ.

ಹೆಂಡತಿ ದ್ರಾಕ್ಷಾಯಣಿ ಹೆಂಗಸರ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿದ್ದಳು. ಮನೆಗೆ ಬಂದ ಮೇಲೆ ಮುರಿದದ್ದು ಗೋಪಣ್ಣನ ಕೈಯೇನು ಎಂದಷ್ಟೇ ಕೇಳಿದಳು. ಅವನು ಹೌದೆಂದ. ಅವಳು ಅವನಿಗೆ ಬಡಿಸಿ, ತಾನು ಉಣ್ಣದೆ ಮಲಗಿದಳು.

ಬೆಳಗಾದ ಮೇಲೆ ಯಮನವ್ವನ ಬಾಗಿಲಿಗೆ ಹೋಗಿ ನಿಂತಳು. ಯಮನವ್ವ ಬಹಳ ಹೊತ್ತು ಒಳಗೆ ಕರೆಯಲಿಲ್ಲ. ಕೊನೆಗೆ ನೂಲು ಸುತ್ತುವ ರಾಟಿಯನ್ನು ಹೊರಗೆ ಕಟ್ಟೆಯ ಮೇಲೆ ತಂದಿಟ್ಟಳು. ದ್ರಾಕ್ಷಾಯಣಿ ಅಲ್ಲಿಯೇ ಕೂತು ಅವರ ಪಾಲಿನ ಕಂಡಿಕೆ ಸುತ್ತಿಕೊಟ್ಟಳು. ಮರುದಿನವೂ ಹೋದಳು. ಆ ಚಳಿಗಾಲವೆಲ್ಲ ದಿನವೂ ಹೋದಳು. ಅಲ್ಲಿ ಏನು ಮಾತಾಯಿತೆಂದು ಅವಳು ಹೇಳಲಿಲ್ಲ, ಪ್ರಲ್ಹಾದನಿಗೆ ಕೇಳುವ ಧೈರ್ಯವಾಗಲಿಲ್ಲ. ಗೋಪಣ್ಣ ಅವನೊಂದಿಗೆ ಮತ್ತೆಂದೂ ಮಾತಾಡಲಿಲ್ಲ.